ಪ್ರಾಥಮಿಕ ತರಗತಿಯಲ್ಲಿ ಗುಂಪು ಕಲಿಕೆ

ಒಂದು ತರಗತಿಯ ಮಕ್ಕಳು ಜೋಡಿಯಾಗಿ ಅಥವಾ ಮೂವರು, ನಾಲ್ವರು, ಐವರ ಚಿಕ್ಕ ಗುಂಪುಗಳಾಗಿ ಕುಳಿತು, ಶಿಕ್ಷಕರು ಕೊಟ್ಟ ಚಟುವಟಿಕೆಯನ್ನು ತಮ್ಮತಮ್ಮಲ್ಲಿ ಚರ್ಚಿಸಿ, ಹೊಣೆ ಹಂಚಿಕೊಂಡು ಪೂರೈಸುವ ಬೋಧನಾ ವಿಧಾನವೇ ಗುಂಪು ಕಲಿಕೆ. ಶಿಕ್ಷಕರ ತರಬೇತಿಗಳಲ್ಲಿ ಇದಕ್ಕೆ ಸಹಕಾರಿ ಕಲಿಕೆ, ಗುಂಪು ಚಟುವಟಿಕೆ, ಗ್ರೂಪ್ ವರ್ಕ್ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಳ ತರಗತಿಗಳಲ್ಲಿ ನಲಿ-ಕಲಿ ಪದ್ಧತಿಯ ಮೂಲಕ ಇದು ದೈನಂದಿನ ಬೋಧನೆಯ ಭಾಗವಾಗಿದೆ.

ಗುಂಪು ಕಲಿಕೆಯ ಲಕ್ಷಣಗಳು

ಮಕ್ಕಳನ್ನು ದುಂಡಗೆ ಕೂರಿಸಿದ ಮಾತ್ರಕ್ಕೆ ಗುಂಪು ಕಲಿಕೆ ಆಗುವುದಿಲ್ಲ. ಒಂದೇ ಮೇಜಿನ ಸುತ್ತ ಕುಳಿತ ಐದು ಮಕ್ಕಳು ತಮ್ಮ ತಮ್ಮ ಪುಸ್ತಕದಲ್ಲಿ ತಮ್ಮ ತಮ್ಮ ಲೆಕ್ಕವನ್ನು ಮಾಡುತ್ತಿದ್ದರೆ ಅದು ಒಟ್ಟಿಗೆ ಕುಳಿತು ಮಾಡಿದ ಒಂಟಿ ಕೆಲಸ. ಒಬ್ಬ ಜಾಣ ವಿದ್ಯಾರ್ಥಿ ಉತ್ತರ ಬರೆದು ಉಳಿದವರು ಅದನ್ನು ನಕಲು ಮಾಡಿಕೊಂಡರೆ ಅದೂ ಗುಂಪು ಕಲಿಕೆಯಲ್ಲ.

ಕೊಟ್ಟ ಕೆಲಸವನ್ನು ಒಬ್ಬರೇ ಮುಗಿಸಲು ಆಗದಂತಿರುವುದು ಈ ವಿಧಾನದ ಮೊದಲ ಲಕ್ಷಣ. ಕೆಲಸ ಮುಗಿದಾಗ ಗುಂಪಿನ ಯಾವ ಮಗುವನ್ನು ಎಬ್ಬಿಸಿ ಕೇಳಿದರೂ ಅದು ವಿವರಿಸುವಂತಿರುವುದು ಎರಡನೆಯ ಲಕ್ಷಣ. ಈ ಎರಡೂ ಕೂಡಿದಾಗ ಮಾತ್ರ ಗುಂಪಿನಲ್ಲಿ ಕಲಿಕೆ ನಡೆಯುತ್ತದೆ. ಗುಂಪಿನ ಗಾತ್ರ, ಆಸನದ ವ್ಯವಸ್ಥೆ, ಕಾಲಾವಧಿ ಮುಂತಾದ ಉಳಿದೆಲ್ಲ ಏರ್ಪಾಡುಗಳು ಈ ಎರಡು ಲಕ್ಷಣಗಳನ್ನು ಸಾಧಿಸುವ ಉಪಾಯಗಳು.

ಐತಿಹಾಸಿಕ ಹಿನ್ನೆಲೆ

ಮಕ್ಕಳಿಂದ ಮಕ್ಕಳಿಗೆ ಕಲಿಸುವ ಕ್ರಮ ದಕ್ಷಿಣ ಭಾರತಕ್ಕೆ ಹೊಸದಲ್ಲ. ಊರಿನ ಜಗಲಿ ಶಾಲೆಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ ಈ ಕ್ರಮವನ್ನು ಗಮನಿಸಿ ತಮ್ಮ ಶಾಲೆಯಲ್ಲಿ ಅಳವಡಿಸಿದರು. ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅವರು ಪ್ರಕಟಿಸಿದ ವರದಿಯಿಂದ ಅದು ಮದ್ರಾಸ್ ಪದ್ಧತಿ ಎಂದು ಹೆಸರಾಯಿತು. ಆದರೆ ಆ ಪದ್ಧತಿಯಲ್ಲಿ ಹಿರಿಯ ವಿದ್ಯಾರ್ಥಿ ಹೇಳಿಕೊಟ್ಟದ್ದನ್ನು ಕಿರಿಯರು ಒಪ್ಪಿಸುತ್ತಿದ್ದರು. ಮಕ್ಕಳು ಕೂಡಿ ಚರ್ಚಿಸಿ ಉತ್ತರ ಕಂಡುಕೊಳ್ಳುವುದಕ್ಕೆ ಅಲ್ಲಿ ಎಡೆಯಿರಲಿಲ್ಲ.

ಇಂದಿನ ಗುಂಪು ಕಲಿಕೆಯ ತಾತ್ವಿಕ ತಳಹದಿ 20ನೇ ಶತಮಾನದ ಮನೋವಿಜ್ಞಾನದಲ್ಲಿದೆ. ಮಗು ಒಂಟಿಯಾಗಿ ಮಾಡಬಲ್ಲ ಕೆಲಸಕ್ಕೂ, ಹೆಚ್ಚು ಬಲ್ಲವರ ನೆರವಿನಿಂದ ಮಾಡಬಲ್ಲ ಕೆಲಸಕ್ಕೂ ನಡುವೆ ಒಂದು ಅಂತರವಿದೆ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ (1896–1934) ಪ್ರತಿಪಾದಿಸಿದರು. ಈ ಅಂತರವೇ ಸಮೀಪ ವಿಕಾಸ ವಲಯ. ಇಂದು ನೆರವು ಪಡೆದು ಮಾಡಿದ್ದನ್ನು ಮಗು ನಾಳೆ ತಾನೇ ಮಾಡಬಲ್ಲದು. ಆ ನೆರವು ಶಿಕ್ಷಕರಿಂದ ಬರುವಂತೆ ಸಹಪಾಠಿಯಿಂದಲೂ ಬರಬಹುದು. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ (1896–1980) ಇನ್ನೊಂದು ಅಂಶದತ್ತ ಗಮನ ಸೆಳೆದರು. ಹಿರಿಯರು ಹೇಳಿದ್ದನ್ನು ಮಗು ಸುಮ್ಮನೆ ಒಪ್ಪಿಬಿಡಬಹುದು. ತನ್ನ ಓರಗೆಯವರು ಬೇರೆ ಮಾತು ಹೇಳಿದಾಗ ಮಾತ್ರ ಅದು ವಾದಕ್ಕಿಳಿದು ತನ್ನ ಯೋಚನೆಯನ್ನೇ ಮತ್ತೆ ಪರಿಶೀಲಿಸುತ್ತದೆ.

ಐದು ಆಧಾರಗಳು

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರಾಜರ್ ಜಾನ್ಸನ್ ಎಂಬ ಸಹೋದರರು ಸಹಕಾರಿ ಕಲಿಕೆಯ ಬಗ್ಗೆ ದಶಕಗಳ ಕಾಲ ಅಧ್ಯಯನ ನಡೆಸಿದರು. ಅವರು ಗುರುತಿಸಿದ ಐದು ಅಂಶಗಳನ್ನು ಇಂದು ಜಗತ್ತಿನ ಹಲವೆಡೆ ಶಿಕ್ಷಕರ ಶಿಕ್ಷಣದಲ್ಲಿ ಬೋಧಿಸಲಾಗುತ್ತದೆ.

ಮೊದಲನೆಯದು ಪರಸ್ಪರ ಅವಲಂಬನೆ: ಒಬ್ಬರ ಪಾಲಿನ ಕೆಲಸ ನಿಂತರೆ ಎಲ್ಲರ ಕೆಲಸವೂ ನಿಲ್ಲುವಂತಿರಬೇಕು. ಎರಡನೆಯದು ವೈಯಕ್ತಿಕ ಹೊಣೆಗಾರಿಕೆ: ಪ್ರತಿ ಮಗುವೂ ತಾನು ಕಲಿತದ್ದಕ್ಕೆ ಉತ್ತರ ಹೇಳಬೇಕು. ಮೂರನೆಯದು ಮುಖಾಮುಖಿ ಒಡನಾಟ: ಮಕ್ಕಳು ಎದುರುಬದುರು ಕುಳಿತು ಮಾತಾಡಬೇಕು, ಒಬ್ಬರಿಗೊಬ್ಬರು ಹೇಳಿಕೊಡಬೇಕು. ನಾಲ್ಕನೆಯದು ಸಾಮಾಜಿಕ ಕೌಶಲ: ಸರದಿ ಕಾಯುವುದು, ಇನ್ನೊಬ್ಬರ ಮಾತನ್ನು ಕೊನೆಯವರೆಗೂ ಕೇಳುವುದು, ನೋಯಿಸದೆ ಭಿನ್ನಾಭಿಪ್ರಾಯ ಹೇಳುವುದು. ಐದನೆಯದು ಗುಂಪಿನ ಆತ್ಮಾವಲೋಕನ: ಕೆಲಸ ಮುಗಿದ ಮೇಲೆ ಯಾವುದು ಚೆನ್ನಾಗಿ ನಡೆಯಿತು, ಮುಂದಿನ ಸಲ ಯಾವುದನ್ನು ಬದಲಿಸಬೇಕು ಎಂದು ಗುಂಪೇ ಮಾತಾಡಿಕೊಳ್ಳಬೇಕು.

ಇವುಗಳಲ್ಲಿ ನಾಲ್ಕನೆಯ ಅಂಶವನ್ನು ಬಹಳ ಸಲ ಕಡೆಗಣಿಸಲಾಗುತ್ತದೆ. ಆರು ವರ್ಷದ ಮಗುವಿಗೆ ಸರದಿ ಕಾಯುವುದು ತಾನಾಗಿ ಬರುವುದಿಲ್ಲ. ಕೂಡಿಸುವ ಲೆಕ್ಕವನ್ನು ಹೇಗೆ ಹೇಳಿಕೊಡಬೇಕೋ ಹಾಗೆಯೇ ಕೇಳಿಸಿಕೊಳ್ಳುವುದನ್ನೂ ಹೇಳಿಕೊಡಬೇಕಾಗುತ್ತದೆ.

ಗುಂಪು ರಚನೆ

ಗುಂಪಿನ ಗಾತ್ರವು ಮಕ್ಕಳ ವಯಸ್ಸನ್ನೂ ಚಟುವಟಿಕೆಯ ಸ್ವರೂಪವನ್ನೂ ಅವಲಂಬಿಸಿದೆ. 1 ಮತ್ತು 2ನೇ ತರಗತಿಯ ಮಕ್ಕಳಿಗೆ ಜೋಡಿ ಕೆಲಸ ಹೆಚ್ಚು ಸೂಕ್ತ, ಏಕೆಂದರೆ ಇಬ್ಬರಲ್ಲಿ ಒಬ್ಬರು ಮಾತಾಡಿದರೆ ಇನ್ನೊಬ್ಬರು ಕೇಳಲೇಬೇಕು. 4 ಮತ್ತು 5ನೇ ತರಗತಿಯ ಮಕ್ಕಳು ನಾಲ್ವರ ಗುಂಪಿನಲ್ಲಿ ಸುಲಭವಾಗಿ ಹೊಂದಿಕೊಳ್ಳುತ್ತಾರೆ. ಆರು ಜನಕ್ಕಿಂತ ದೊಡ್ಡ ಗುಂಪಿನಲ್ಲಿ ಮೌನವಾಗಿರುವ ಮಗುವನ್ನು ಯಾರೂ ಗಮನಿಸುವುದಿಲ್ಲ.

ಗುಂಪು ಮಾಡಲು ಶಿಕ್ಷಕರು ಮುಖ್ಯವಾಗಿ ಮೂರು ಮಾರ್ಗಗಳನ್ನು ಅನುಸರಿಸುತ್ತಾರೆ. ಮಕ್ಕಳು ಸಾಲಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ಒಂದೇ ಸಂಖ್ಯೆ ಬಂದವರು ಒಂದು ಗುಂಪಾಗುವುದು ಎಲ್ಲಕ್ಕಿಂತ ಸರಳವಾದ ಮಾರ್ಗ. ಕಲಿಕೆಯಲ್ಲಿ ಮುಂದಿರುವವರು, ಮಧ್ಯಮ ಮಟ್ಟದವರು ಮತ್ತು ಹಿಂದಿರುವವರು ಒಂದೇ ಗುಂಪಿನಲ್ಲಿರುವಂತೆ ಮೊದಲೇ ಯೋಜಿಸುವುದು ಎರಡನೆಯದು; ಹೊಸ ಪರಿಕಲ್ಪನೆಯ ಚರ್ಚೆಗೆ ಇದು ಸೂಕ್ತ. ಒಂದೇ ಹಂತದ ಕಲಿಕೆಯಲ್ಲಿರುವ ಮಕ್ಕಳನ್ನು ಕೂಡಿಸುವುದು ಮೂರನೆಯದು. ಓದುವುದು, ಬರೆಯುವುದು, ಎಣಿಸುವುದು ಮುಂತಾದ ಮೂಲ ಕೌಶಲಗಳ ಅಭ್ಯಾಸಕ್ಕೆ ಇದು ಅನುಕೂಲ.

ಯಾವ ಗುಂಪೂ ಶಾಶ್ವತವಾಗಬಾರದು. ಜಾಣರ ಗುಂಪು, ದಡ್ಡರ ಗುಂಪು ಎಂಬ ಹಣೆಪಟ್ಟಿ ಒಮ್ಮೆ ಅಂಟಿಕೊಂಡರೆ ಮಗು ಅದನ್ನೇ ನಂಬಿಬಿಡುತ್ತದೆ. ಮಕ್ಕಳನ್ನು ತಮ್ಮಿಷ್ಟದಂತೆ ಕೂರಲು ಬಿಟ್ಟರೆ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ, ಒಂದೇ ಕೇರಿಯವರು ಒಂದು ಕಡೆ ಸೇರುವುದು ಸಾಮಾನ್ಯ. ಊರಿನ ಭೇದಗಳು ಶಾಲೆಯ ಚಾಪೆಯ ಮೇಲೂ ಮುಂದುವರಿಯದಂತೆ ನೋಡಿಕೊಳ್ಳುವುದು ಗುಂಪು ರಚಿಸುವ ಶಿಕ್ಷಕರ ಮುಖ್ಯ ಕರ್ತವ್ಯ.

ಒಂದು ಅವಧಿಯ ನಿರ್ವಹಣೆ

ಗುಂಪು ಕಲಿಕೆಯ ಅವಧಿಯನ್ನು ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ಯೋಜಿಸಲಾಗುತ್ತದೆ: ಇಡೀ ತರಗತಿಗೆ ಸೂಚನೆ, ಗುಂಪಿನಲ್ಲಿ ಕೆಲಸ, ಗುಂಪುಗಳಿಂದ ಮಂಡನೆ ಮತ್ತು ಶಿಕ್ಷಕರಿಂದ ಕ್ರೋಡೀಕರಣ. ದಶಕ ಸಹಿತ ಸಂಕಲನದ ಪಾಠದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ನೋಡಬಹುದು.

ಶಿಕ್ಷಕಿ ಪ್ರತಿ ಗುಂಪಿಗೂ ಒಂದಷ್ಟು ಕಡ್ಡಿಗಳನ್ನು, ಕೆಲವು ರಬ್ಬರ್ ಬ್ಯಾಂಡ್‌ಗಳನ್ನು, 34 + 28 ಎಂದು ಬರೆದ ಚೀಟಿಯನ್ನು ಕೊಡುತ್ತಾರೆ. ನಾಲ್ವರಿಗೂ ಬೇರೆ ಬೇರೆ ಹೊಣೆ ಇದೆ. ಒಬ್ಬರು ಲೆಕ್ಕ ಓದಬೇಕು, ಒಬ್ಬರು ಹತ್ತರ ಕಟ್ಟು ಕಟ್ಟಬೇಕು, ಒಬ್ಬರು ಬರೆಯಬೇಕು, ಒಬ್ಬರು ಎಣಿಸಿ ತಾಳೆ ನೋಡಬೇಕು. ಮಕ್ಕಳು 34ಕ್ಕೆ ಮೂರು ಕಟ್ಟು ಮತ್ತು ನಾಲ್ಕು ಬಿಡಿ ಕಡ್ಡಿ, 28ಕ್ಕೆ ಎರಡು ಕಟ್ಟು ಮತ್ತು ಎಂಟು ಬಿಡಿ ಕಡ್ಡಿ ಇಡುತ್ತಾರೆ. ಬರೆಯುವ ಮಗು ಐದು ಕಟ್ಟು, ಹನ್ನೆರಡು ಬಿಡಿ ಎಂದು ಕಂಡು 512 ಎಂದು ಬರೆಯುತ್ತದೆ. ತಾಳೆ ನೋಡುವ ಮಗು ತಡೆಯುತ್ತದೆ: “ಏಯ್, ಅಷ್ಟೊಂದು ಕಡ್ಡಿ ಎಲ್ಲಿದೆ ಇಲ್ಲಿ? ಬಿಡಿ ಕಡ್ಡೀಲಿ ಇನ್ನೊಂದು ಕಟ್ಟು ಆಗುತ್ತೆ ನೋಡು.” ಹತ್ತು ಬಿಡಿ ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಬೀಳುತ್ತದೆ. ಆರು ಕಟ್ಟು, ಎರಡು ಬಿಡಿ, ಉತ್ತರ 62.

ಹಲಗೆಯ ಮೇಲೆ ‘ಕೈಯಲ್ಲಿ ಒಂದು’ ಎಂದು ಹೇಳಿ ಮುಗಿಸುವ ಕ್ರಿಯೆಯ ಅರ್ಥ ಇಲ್ಲಿ ಮಗುವಿನ ಕಣ್ಣೆದುರೇ ರೂಪುಗೊಂಡಿದೆ. 512 ಎಂಬ ತಪ್ಪು ಉತ್ತರವನ್ನು ತಿದ್ದಿದ್ದು ಕಡ್ಡಿಗಳ ರಾಶಿ ಮತ್ತು ಗೆಳತಿಯ ಪ್ರಶ್ನೆ. ಈ ಹೊತ್ತಿನಲ್ಲಿ ಶಿಕ್ಷಕಿ ಗುಂಪಿನಿಂದ ಗುಂಪಿಗೆ ಓಡಾಡುತ್ತ, ಯಾವ ಗುಂಪು ಎಲ್ಲಿ ಎಡವುತ್ತಿದೆ ಎಂದು ಗುರುತಿಸುತ್ತಿರುತ್ತಾರೆ. ಕೇಳಿದ ಕೂಡಲೇ ಉತ್ತರ ಹೇಳದೆ, “ಹೇಗೆ ಗೊತ್ತಾಯಿತು?”, “ನಿನ್ನ ಗೆಳೆಯ ಹೇಳಿದ್ದು ಒಪ್ಪಿಗೆಯಾ?” ಎಂಬಂಥ ಪ್ರಶ್ನೆಗಳಿಂದ ಚರ್ಚೆಯನ್ನು ಮುಂದುವರಿಸುತ್ತಾರೆ. ಕೊನೆಯಲ್ಲಿ ಎಲ್ಲ ಗುಂಪುಗಳ ಉತ್ತರಗಳನ್ನು ಹಲಗೆಗೆ ತಂದು ಸಂಕಲನದ ನಿಯಮವನ್ನು ಸ್ಪಷ್ಟಪಡಿಸುತ್ತಾರೆ. ಈ ಕ್ರೋಡೀಕರಣ ತಪ್ಪಿದರೆ ಚಟುವಟಿಕೆ ಆಟವಾಗಿಯೇ ಉಳಿಯುತ್ತದೆ.

ಪ್ರಚಲಿತ ವಿಧಾನಗಳು

ಯೋಚಿಸು, ಜೋಡಿಯಾಗು, ಹಂಚಿಕೋ ಎಂಬ ವಿಧಾನವನ್ನು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರಾಂಕ್ ಲೈಮನ್ 1981ರಲ್ಲಿ ರೂಪಿಸಿದರು. ಶಿಕ್ಷಕರು ಪ್ರಶ್ನೆ ಕೇಳಿದ ಬಳಿಕ ಪ್ರತಿ ಮಗುವೂ ಸ್ವಲ್ಪ ಹೊತ್ತು ಮೌನವಾಗಿ ಯೋಚಿಸುತ್ತದೆ, ಆಮೇಲೆ ಪಕ್ಕದವರೊಡನೆ ಮಾತಾಡುತ್ತದೆ, ಕೊನೆಗೆ ತರಗತಿಗೆ ಹೇಳುತ್ತದೆ. ಬೆಂಚು ಸರಿಸಬೇಕಾಗಿಲ್ಲ, ಸಾಮಗ್ರಿ ಬೇಕಾಗಿಲ್ಲ; ಆದ್ದರಿಂದ ಇಕ್ಕಟ್ಟಾದ ಕೊಠಡಿಗೂ ಇದು ಒಗ್ಗುತ್ತದೆ. ಎಲ್ಲರ ಮುಂದೆ ಬಾಯಿ ಬಿಡಲು ಅಂಜುವ ಮಗುವಿಗೆ ಮೊದಲು ಒಬ್ಬರ ಮುಂದೆ ಮಾತಾಡುವ ಅವಕಾಶ ಸಿಗುತ್ತದೆ.

ಜಿಗ್ಸಾ ವಿಧಾನ 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಹುಟ್ಟಿತು. ವರ್ಣಭೇದದ ಶಾಲಾ ವ್ಯವಸ್ಥೆ ಕೊನೆಗೊಂಡು ಬಿಳಿಯ, ಕರಿಯ ಮತ್ತು ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳು ಒಂದೇ ತರಗತಿಗೆ ಬಂದಾಗ ಅಲ್ಲಿ ಹಗೆತನ ತಲೆದೋರಿತ್ತು. ಸಮಾಜ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಪಾಠವನ್ನು ತುಂಡುಗಳಾಗಿ ಹಂಚಿ, ಪ್ರತಿ ಮಗುವೂ ತನ್ನ ತುಂಡನ್ನು ಉಳಿದವರಿಗೆ ಕಲಿಸಲೇಬೇಕಾದ ಸಂದರ್ಭವನ್ನು ಸೃಷ್ಟಿಸಿದರು. ಇನ್ನೊಬ್ಬರ ಮಾತನ್ನು ಗಮನವಿಟ್ಟು ಕೇಳದೆ ಪಾಠ ಪೂರ್ಣವಾಗದ ಕಾರಣ ಪೈಪೋಟಿ ಸಹಕಾರಕ್ಕೆ ತಿರುಗಿತು.

5ನೇ ತರಗತಿಯ ಪರಿಸರ ಅಧ್ಯಯನದಲ್ಲಿ ಊರಿನ ನೀರಿನ ಮೂಲಗಳ ಪಾಠಕ್ಕೆ ಈ ವಿಧಾನವನ್ನು ಸುಲಭವಾಗಿ ಬಳಸಬಹುದು. 24 ಮಕ್ಕಳಿದ್ದರೆ ನಾಲ್ವರಂತೆ ಆರು ಮೂಲ ಗುಂಪುಗಳಾಗುತ್ತವೆ. ಪ್ರತಿ ಗುಂಪಿನ ಒಬ್ಬರಿಗೆ ಕೆರೆ, ಒಬ್ಬರಿಗೆ ತೆರೆದ ಬಾವಿ, ಒಬ್ಬರಿಗೆ ಕೊಳವೆ ಬಾವಿ, ಒಬ್ಬರಿಗೆ ಮಳೆ ನೀರಿನ ಸಂಗ್ರಹ. ಕೆರೆ ಸಿಕ್ಕ ಆರು ಮಕ್ಕಳು ಮೂವರಂತೆ ಎರಡು ತಜ್ಞ ಗುಂಪುಗಳಾಗಿ ಕುಳಿತು ಕೆರೆಯ ಬಗ್ಗೆ ಓದಿ ಚರ್ಚಿಸುತ್ತಾರೆ. ಉಳಿದವರೂ ಹಾಗೆಯೇ ಮಾಡುತ್ತಾರೆ. ಬಳಿಕ ಎಲ್ಲರೂ ಮೂಲ ಗುಂಪಿಗೆ ಮರಳಿ ತಾವು ತಿಳಿದದ್ದನ್ನು ಹೇಳಿಕೊಡುತ್ತಾರೆ.

ಸಂಖ್ಯೆ ಕರೆಯುವ ವಿಧಾನವನ್ನು ಅಮೆರಿಕದ ಸ್ಪೆನ್ಸರ್ ಕೇಗನ್ ಜನಪ್ರಿಯಗೊಳಿಸಿದರು. ಗುಂಪಿನ ಪ್ರತಿಯೊಬ್ಬರಿಗೂ 1ರಿಂದ 4ರವರೆಗೆ ಒಂದು ಸಂಖ್ಯೆ ಇರುತ್ತದೆ. ಚರ್ಚೆ ಮುಗಿದ ಮೇಲೆ ಶಿಕ್ಷಕರು “ಮೂರು” ಎಂದರೆ ಪ್ರತಿ ಗುಂಪಿನ ಮೂರನೆಯ ಮಗು ಎದ್ದು ಉತ್ತರಿಸಬೇಕು. ಯಾರ ಸಂಖ್ಯೆ ಬರುವುದೆಂದು ಮೊದಲೇ ತಿಳಿಯದ ಕಾರಣ ಎಲ್ಲರನ್ನೂ ಸಿದ್ಧಗೊಳಿಸುವುದು ಗುಂಪಿನ ಹೊಣೆಯಾಗುತ್ತದೆ.

ಕರ್ನಾಟಕದ ನಲಿ-ಕಲಿ ಪದ್ಧತಿ

ನಲಿ-ಕಲಿ ಪದ್ಧತಿಯ ಮೂಲ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು. ಆಂಧ್ರಪ್ರದೇಶದ ಮದನಪಲ್ಲಿ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಬಹುವರ್ಗ ಬೋಧನೆಯನ್ನು (ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವ ಕ್ರಮ) ನೋಡಿಬಂದ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು, ಯುನಿಸೆಫ್ ನೆರವಿನಿಂದ 1995ರಲ್ಲಿ ತಮ್ಮ ಶಾಲೆಗಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ಸಿದ್ಧಪಡಿಸಿದರು. 2009-10ರಲ್ಲಿ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ, ಅನಂತರ 3ನೇ ತರಗತಿಗೂ ವಿಸ್ತರಿಸಿತು.

ಇಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕಲಿಯುತ್ತಾರೆ. ಕಲಿಯಬೇಕಾದುದನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ, ಪ್ರತಿ ಮೈಲಿಗಲ್ಲಿನ ಚಟುವಟಿಕೆಗಳನ್ನು ಕಾರ್ಡುಗಳಲ್ಲಿ ಮುದ್ರಿಸಲಾಗಿದೆ. ಗೋಡೆಯ ಮೇಲಿನ ಕಲಿಕಾ ಏಣಿಯನ್ನು ನೋಡಿ ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ಗುರುತಿಸಿ, ಅಲ್ಲಿರುವ ಚಿತ್ರ ಸಂಕೇತಕ್ಕೆ ಹೊಂದುವ ಕಾರ್ಡನ್ನು ತಾನೇ ಆಯ್ದು ತರುತ್ತದೆ. ಕಾರ್ಡಿನ ಸ್ವರೂಪಕ್ಕೆ ತಕ್ಕಂತೆ ಕುಳಿತುಕೊಳ್ಳುವ ಗುಂಪು ನಿರ್ಧಾರವಾಗುತ್ತದೆ: ಪೂರ್ಣವಾಗಿ ಶಿಕ್ಷಕರ ನೆರವಿನ ಗುಂಪು, ಭಾಗಶಃ ಶಿಕ್ಷಕರ ನೆರವಿನ ಗುಂಪು, ಗೆಳೆಯರ ನೆರವಿನ ಗುಂಪು, ಭಾಗಶಃ ಗೆಳೆಯರ ನೆರವಿನ ಗುಂಪು ಮತ್ತು ಸ್ವಕಲಿಕೆಯ ಗುಂಪು. ಹೊಸ ಅಂಶ ಕಲಿಯುವ ಮಗು ಶಿಕ್ಷಕರ ಬಳಿ ಕೂರುತ್ತದೆ. ಕಲಿತದ್ದನ್ನು ಅಭ್ಯಾಸ ಮಾಡುವಾಗ ಗೆಳೆಯರ ಗುಂಪಿಗೆ, ಗಟ್ಟಿಯಾದ ಮೇಲೆ ಸ್ವಕಲಿಕೆಗೆ ಹೋಗುತ್ತದೆ.

ಅಕ್ಷರ ಕಲಿಕೆಯ ಕ್ರಮವೂ ಇದಕ್ಕೆ ಪೂರಕವಾಗಿದೆ. ವರ್ಣಮಾಲೆಯ ಅನುಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಕಲಿಕೆ ಆರಂಭವಾಗುತ್ತದೆ. ಇಷ್ಟು ಕಲಿತ ಮಗು ಸರ, ರಸ, ದರ, ಅಗಸ, ಅರಸ ಎಂಬ ಪದಗಳನ್ನು ಓದಬಲ್ಲದು. ಅಕ್ಷರ ಕಾರ್ಡುಗಳನ್ನು ಹಿಡಿದ ಮಕ್ಕಳು ಅಕ್ಕಪಕ್ಕ ಜೋಡಿಸಿ ಪದ ಕಟ್ಟುವ ಆಟವನ್ನು ಮೊದಲ ವಾರಗಳಲ್ಲೇ ಆಡಲು ಇದರಿಂದ ಸಾಧ್ಯ.

ಪದ್ಧತಿಯ ಮುಖ್ಯ ಲಾಭ ಮಗುವಿನ ವೇಗಕ್ಕೆ ಸಿಗುವ ಮನ್ನಣೆ. ಕಾಯಿಲೆಯಿಂದಲೋ, ಹೆತ್ತವರ ಗುಳೆಯಿಂದಲೋ ಕೆಲವು ವಾರ ಶಾಲೆ ತಪ್ಪಿದ ಮಗು ಮರಳಿ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮಿತಿಯೂ ಇದೆ. ಗೆಳೆಯರ ಗುಂಪಿನಲ್ಲಿ ಕುಳಿತ ಮಕ್ಕಳು ಬೇರೆ ಬೇರೆ ಮೆಟ್ಟಿಲಿನ ಕಾರ್ಡು ಹಿಡಿದಿದ್ದರೆ ಅವರ ನಡುವೆ ಸಮಾನ ಗುರಿ ಇರುವುದಿಲ್ಲ. ಆದ್ದರಿಂದ ಅನುಭವಿ ಶಿಕ್ಷಕರು ಕಾರ್ಡು ಕೆಲಸದ ಜೊತೆಗೆ ಕಥೆ, ಹಾಡು, ನಾಟಕ, ಹೊರಾಂಗಣ ವೀಕ್ಷಣೆಯಂಥ ಸಾಮೂಹಿಕ ಚಟುವಟಿಕೆಗಳನ್ನೂ ಸೇರಿಸುತ್ತಾರೆ.

ವಿಷಯವಾರು ಬಳಕೆ

ಭಾಷಾ ಪಾಠದಲ್ಲಿ ಒಂದು ಕಥೆಯ ಕೊನೆಯನ್ನು ಮುಚ್ಚಿಟ್ಟು, ಗುಂಪುಗಳು ತಮ್ಮದೇ ಕೊನೆಯನ್ನು ಬರೆಯುವಂತೆ ಹೇಳಬಹುದು. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಅಥವಾ ಲಂಬಾಣಿ ಮಾತಾಡುವ ಮಕ್ಕಳಿಗೆ ಶಾಲೆಯ ಕನ್ನಡ ಗೆಳೆಯರ ಮಾತಿನಿಂದ ಬೇಗ ಕೈಗೆಟಕುತ್ತದೆ. ಗಣಿತದಲ್ಲಿ ಅಳತೆಯ ಟೇಪು ಹಿಡಿದು ಶಾಲೆಯ ಅಂಗಳದ ಸುತ್ತಳತೆ ಕಂಡುಹಿಡಿಯಲು ಇಬ್ಬರು ಎಳೆಯಬೇಕು, ಒಬ್ಬರು ಓದಬೇಕು, ಒಬ್ಬರು ಬರೆಯಬೇಕು. ಹೊಣೆಯ ಹಂಚಿಕೆ ಕೆಲಸದಿಂದಲೇ ಹುಟ್ಟುತ್ತದೆ. ಪರಿಸರ ಅಧ್ಯಯನದಲ್ಲಿ ಎಲೆಗಳ ಸಂಗ್ರಹ ಮತ್ತು ವರ್ಗೀಕರಣ, ಬೀಜ ಮೊಳೆಯುವುದರ ವೀಕ್ಷಣೆ, ಊರಿನ ಹಿರಿಯರ ಸಂದರ್ಶನ ಗುಂಪಿಗೆ ಹೇಳಿ ಮಾಡಿಸಿದ ಕೆಲಸಗಳು.

ಎಲ್ಲ ಪಾಠಕ್ಕೂ ಗುಂಪು ಬೇಕಾಗಿಲ್ಲ. ಅಕ್ಷರ ದುಂಡಗೆ ಬರೆಯುವ ಅಭ್ಯಾಸಕ್ಕೆ ಏಕಾಂತ ಬೇಕು. ಹೊಸ ಪರಿಕಲ್ಪನೆಯ ಮೊದಲ ಪರಿಚಯಕ್ಕೆ ಶಿಕ್ಷಕರ ನೇರ ವಿವರಣೆಯೇ ಹಲವು ಸಲ ಹೆಚ್ಚು ಸ್ಪಷ್ಟ.

ತೊಡಕುಗಳು ಮತ್ತು ಪರಿಹಾರ

ಗದ್ದಲ ಎಲ್ಲರೂ ಮೊದಲು ಹೇಳುವ ತೊಡಕು. ಮಾತಿಲ್ಲದೆ ಗುಂಪು ಕಲಿಕೆ ಇಲ್ಲವಾದ್ದರಿಂದ ಮಾತನ್ನು ನಿಲ್ಲಿಸುವ ಬದಲು ಹದಗೊಳಿಸಬೇಕು. ಶಿಕ್ಷಕರು ತಾಳಬದ್ಧವಾಗಿ ಚಪ್ಪಾಳೆ ತಟ್ಟಿದಾಗ ಮಕ್ಕಳೂ ಅದೇ ತಾಳದಲ್ಲಿ ತಟ್ಟಿ ಮೌನವಾಗುವ ರೂಢಿ ಹಲವು ತರಗತಿಗಳಲ್ಲಿ ಫಲ ಕೊಟ್ಟಿದೆ.

ಒಬ್ಬರ ಯಜಮಾನಿಕೆ ಮತ್ತು ಇನ್ನೊಬ್ಬರ ಮೌನ ಎರಡನೆಯ ತೊಡಕು. ಹೊಣೆಗಳನ್ನು ಪ್ರತಿ ಸಲ ಬದಲಾಯಿಸುವುದು, ಸದಾ ಬರೆಯುವ ಮಗುವಿಗೆ ಮಂಡಿಸುವ ಹೊಣೆ ಕೊಡುವುದು ಇದಕ್ಕೆ ಪರಿಹಾರ. ಮುಂದಿರುವ ಮಕ್ಕಳಿಗೆ ಇದರಿಂದ ನಷ್ಟ ಎಂಬ ಆತಂಕ ಪೋಷಕರಲ್ಲಿ ಸಾಮಾನ್ಯ. ಅಮೆರಿಕದ ಶಿಕ್ಷಣ ಸಂಶೋಧಕಿ ನೊರೀನ್ ವೆಬ್ ಅವರ ಅಧ್ಯಯನಗಳು ಇದಕ್ಕೆ ಉತ್ತರ ನೀಡುತ್ತವೆ: ವಿವರಿಸಿ ಹೇಳಿಕೊಡುವ ಮಗುವಿನ ಕಲಿಕೆಯೇ ಗಟ್ಟಿಯಾಗುತ್ತದೆ, ಬರೀ ಉತ್ತರ ಪಡೆದ ಮಗುವಿಗೆ ಪ್ರಯೋಜನವಾಗುವುದಿಲ್ಲ. ಹಾಗಾಗಿ ಉತ್ತರ ಹೇಳಿಬಿಡುವುದಕ್ಕೂ ಕಾರಣ ವಿವರಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಕಲಿಸಬೇಕು.

ಮಕ್ಕಳ ಸಂಖ್ಯೆ ಮೂರನೆಯ ತೊಡಕು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅನಂತರ 120 ಮಕ್ಕಳವರೆಗೆ 30 ಮಕ್ಕಳಿಗೆ ಒಬ್ಬರಂತೆ ಇರಬೇಕೆಂದು ವಿಧಿಸಿದೆ. ಚಟುವಟಿಕೆಗಳ ಮೂಲಕ ಮಕ್ಕಳಸ್ನೇಹಿ ರೀತಿಯಲ್ಲಿ ಕಲಿಸಬೇಕೆಂದೂ ಹೇಳಿದೆ. ಈ ಎರಡು ನಿಯಮಗಳು ಒಂದನ್ನೊಂದು ಅವಲಂಬಿಸಿವೆ. ಒಬ್ಬರೇ ಶಿಕ್ಷಕರು ಬೋಧನೆ, ಬಿಸಿಯೂಟ, ದಾಖಲಾತಿ ಎಲ್ಲವನ್ನೂ ನಿಭಾಯಿಸುವ ಶಾಲೆಯಲ್ಲಿ ಗುಂಪುಗಳ ನಡುವೆ ಓಡಾಡಲು ಸಮಯ ಸಿಗುವುದಿಲ್ಲ.

ಮೌಲ್ಯಮಾಪನ

ಗುಂಪಿನ ಕೆಲಸಕ್ಕೆ ಒಂದೇ ಅಂಕ ಕೊಟ್ಟರೆ ದುಡಿದವರಿಗೂ ದುಡಿಯದವರಿಗೂ ಒಂದೇ ಫಲ ಸಿಗುತ್ತದೆ. ಆದ್ದರಿಂದ ಗುಂಪಿನ ಫಲಿತಾಂಶವನ್ನು ಒಟ್ಟಾಗಿ ಮೆಚ್ಚಿ, ಕಲಿಕೆಯನ್ನು ಒಬ್ಬೊಬ್ಬರಲ್ಲಿ ಬೇರೆಯಾಗಿ ಪರಿಶೀಲಿಸುವುದು ಸರಿಯಾದ ಕ್ರಮ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಶಿಕ್ಷಕರು ವೀಕ್ಷಣಾ ಟಿಪ್ಪಣಿ, ಮಕ್ಕಳ ಕೃತಿ ಸಂಪುಟ ಮತ್ತು ಚಿಕ್ಕ ಮೌಖಿಕ ಪ್ರಶ್ನೆಗಳನ್ನು ಬಳಸುತ್ತಾರೆ. ಒಂದು ಅವಧಿಯಲ್ಲಿ ಎಲ್ಲ ಮಕ್ಕಳನ್ನೂ ಗಮನಿಸಲು ಹೊರಡದೆ, ದಿನಕ್ಕೆ ಒಂದು ಗುಂಪನ್ನು ಗಮನವಿಟ್ಟು ನೋಡಿ ಟಿಪ್ಪಣಿ ಬರೆದರೆ ವಾರದಲ್ಲಿ ಇಡೀ ತರಗತಿಯ ಚಿತ್ರಣ ಸಿಗುತ್ತದೆ.

ಗುಂಪು ಕಲಿಕೆ ಶಿಕ್ಷಕರ ಹೊಣೆಯನ್ನು ಇಳಿಸುವುದಿಲ್ಲ. ಸಿದ್ಧತೆ, ವೀಕ್ಷಣೆ, ಕ್ರೋಡೀಕರಣಗಳ ರೂಪದಲ್ಲಿ ಅದನ್ನು ಹೆಚ್ಚಿಸುತ್ತದೆ. ಅದು ಸಾರ್ಥಕವಾಯಿತೇ ಎಂದು ತಿಳಿಯಲು ಶಿಕ್ಷಕರು ಪ್ರತಿ ಅವಧಿಯ ಕೊನೆಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಈ ಕೆಲಸಕ್ಕೆ ಪ್ರತಿ ಮಗುವೂ ಬೇಕಾಗಿತ್ತೇ? ಕಲಿತದ್ದನ್ನು ಪ್ರತಿ ಮಗುವೂ ತನ್ನ ಮಾತಿನಲ್ಲಿ ಹೇಳಬಲ್ಲದೇ? ಎರಡಕ್ಕೂ ಹೌದು ಎಂಬ ಉತ್ತರ ಬರುವಂತೆ ಪಾಠವನ್ನು ಯೋಜಿಸುವುದೇ ಗುಂಪು ಕಲಿಕೆಯ ಕ್ರಮಬದ್ಧ ಬಳಕೆ.